ಹತ್ತು ವರ್ಷ ವಾರ್ಡಲ್ಲಿದ್ದು ಈಗ ಎಂಎಸ್ಸಿ ನರ್ಸಿಂಗ್ ಮಾಡ್ಬೇಕು ಅನ್ನಿಸ್ತಿದೆ. ಪಾಠ ಹೇಳೋ ಕಡೆ ಹೋಗ್ಲಾ, ಇನ್‌ಚಾರ್ಜ್ ಕಡೆ ಹೋಗ್ಲಾ?

ಪಾಂಡವಪುರದ_ಸಿಸ್ಟರ್:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ಬೇಜಾರ್ ಮಾಡ್ಕೊಳ್ದೆ ಓದಿ. ನಮ್ದು ಪಾಂಡವಪುರದ ಹತ್ರ ಹಳ್ಳಿ. ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಮಾಡಿ ಕೆಲಸಕ್ಕೆ ಸೇರ್ದೆ, ಮಧ್ಯ ಎರಡು ವರ್ಷ ಡಿಪ್ಲೊಮಾ ಆದೋರು ಮಾಡೋ ಪೋಸ್ಟ್ ಬೇಸಿಕ್ ಬಿಎಸ್ಸಿ ಮುಗಿಸ್ದೆ, ಈಗ ಮೈಸೂರಲ್ಲಿ ಒಂದು ಪ್ರೈವೇಟ್ ಆಸ್ಪತ್ರೇಲಿ ಮೆಡಿಕಲ್ ವಾರ್ಡಲ್ಲಿದೀನಿ, ಎಲ್ಲಾ ಸೇರಿ ಹತ್ತು ವರ್ಷ ಸರ್ವಿಸ್ ಆಯ್ತು. ದಿನಾ ಟ್ರೈನಲ್ಲೇ ಓಡಾಟ. ಕೆಲಸ ಬೇಜಾರಾಗಿ ಕೇಳ್ತಿಲ್ಲ, ಪೇಷೆಂಟ್ ಹತ್ರ ಇರೋದು ನಂಗೆ ಇವತ್ತಿಗೂ ಇಷ್ಟ.

ಯಾಕ್ ಕೇಳ್ತಿದೀನಿ ಅಂದ್ರೆ ಎರಡು ತಿಂಗಳ ಹಿಂದೆ ಒಂದು ವಿಷಯ ನಡೀತು. ನೈಟ್ ಡ್ಯೂಟಿ ಮುಗಿಯೋ ಹೊತ್ತು, ತಿಂಡಿಗೆ ಮುಂಚಿನ ಇನ್ಸುಲಿನ್ ಟೈಮು. ಹೊಸದಾಗಿ ಬಂದಿದ್ದ ಹುಡುಗಿ, ಸೇರಿ ಎರಡು ವಾರ ಆಗಿರ್ಬೇಕು, ಟ್ರೇ ಹಿಡ್ಕೊಂಡು ಬೆಡ್ ಹತ್ರ ಹೋಗ್ತಿದ್ಲು. ಪಕ್ಕದಲ್ಲಿ ಹಾಯ್ಕೊಂಡು ಹೋಗ್ವಾಗ ನನ್ ಕಣ್ಣಿಗೆ ಬಿತ್ತು, ವಯಲ್ ಮೇಲೆ 100 ಐಯು ಅಂತಿದೆ, ಸಿರಿಂಜಿನ ಕ್ಯಾಪ್ ಕೆಂಪು. ನರ್ಸ್‌ಗಳಿಗೆ ಇಷ್ಟು ಹೇಳಿದ್ರೆ ಸಾಕು, ಬೇರೆಯವ್ರಿಗೋಸ್ಕರ ಹೇಳ್ತೀನಿ. ನಮ್ಮಲ್ಲಿ ಇನ್ಸುಲಿನ್ ಎರಡು ಥರ ಬರುತ್ತೆ, ಒಂದು ಎಂಎಲ್‌ಗೆ 40 ಯೂನಿಟ್ ಇರೋದು ಒಂದು, 100 ಇರೋದು ಇನ್ನೊಂದು. 40ಕ್ಕೆ ಕೆಂಪು ಕ್ಯಾಪಿನ ಸಿರಿಂಜು, 100ಕ್ಕೆ ಕಿತ್ತಳೆ ಕ್ಯಾಪಿಂದು. 100ರ ಇನ್ಸುಲಿನ್ನ ಕೆಂಪು ಕ್ಯಾಪಲ್ಲಿ ಎಳೆದ್ರೆ ಎರಡೂವರೆ ಪಟ್ಟು ಒಳಗೆ ಹೋಗುತ್ತೆ. ಆರ್ಡರ್ ಇದ್ದಿದ್ದು 20 ಯೂನಿಟ್, ಅವಳ ಕೈಲಿದ್ದಿದ್ದು 50.

ಟ್ರೇ ಕಿತ್ಕೊಂಡೆ. ಪೇಷೆಂಟ್ ಅಟೆಂಡರ್‌ಗಳ ಎದುರಿಗೇ ಬೈದುಬಿಟ್ಟೆ, ಅದು ನಾನು ಮಾಡಿದ್ ತಪ್ಪು. ಅವಳು ಲಿನೆನ್ ರೂಮಿಗೆ ಹೋಗಿ ಅತ್ಳು. ಪೇಷೆಂಟ್‌ಗೇನೂ ಆಗ್ಲಿಲ್ಲ ಅಂತ ಸಮಾಧಾನ ಮಾಡ್ಕೊಂಡು ಮನೆಗೆ ಹೋದೆ. ಆದ್ರೆ ಮುಂದಿನ ವಾರ ಇನ್ನೊಬ್ಳು ಜೂನಿಯರ್ರು ಅದೇ ತಪ್ಪು ಮಾಡೋಕೆ ಹೋಗಿ ಸಿಕ್ಕಿಬಿದ್ಲು, ಆಗ ನಂಗೆ ಹೊಳೀತು, ಬೈದಿದ್ರಿಂದ ಒಬ್ಳು ಹೆದರಿದ್ಲೇ ಹೊರತು ಯಾರೂ ಕಲೀಲಿಲ್ಲ. ಅವತ್ತು ಮಧ್ಯಾಹ್ನ ಡ್ಯೂಟಿ ಬದಲಾಗೋ ಹೊತ್ತಲ್ಲಿ ಐದು ಜನ ಹುಡುಗೀರ್ನ ನರ್ಸಸ್ ಸ್ಟೇಷನ್ನಲ್ಲಿ ಕೂರಿಸ್ಕೊಂಡೆ. ಖಾಲಿ ವಯಲ್‌ಗಳಿಗೆ ಸಲೈನ್ ತುಂಬಿಸಿ, ಎರಡೂ ಥರದ ಸಿರಿಂಜು ಕೊಟ್ಟು, ಎರಡ್ರಲ್ಲೂ 20ರ ಗೆರೆವರೆಗೆ ಎಳೀರಿ ಅಂದೆ, ಎಳೆದ್ ಮೇಲೆ ಅಕ್ಕಪಕ್ಕ ಇಟ್ಟು ನೋಡಿ ಅಂದೆ. ಕೆಂಪು ಕ್ಯಾಪಿಂದ್ರಲ್ಲಿ ಅರ್ಧ ಎಂಎಲ್ ನೀರು, ಕಿತ್ತಳೇದ್ರಲ್ಲಿ 0.2. ಎರಡೂ 20ರ ಗೆರೇಲೇ ಇದೆ! ಒಂದು ನಿಮಿಷ ಯಾರೂ ಮಾತಾಡ್ಲಿಲ್ಲ. ಆಮೇಲೆ ಅವತ್ತು ಅತ್ತಿದ್ದ ಹುಡುಗಿ ಸಣ್ಣ ದನೀಲಿ "ಅಕ್ಕ, ಹಂಗಾದ್ರೆ ಅವತ್ತು ನಾನು ಐವತ್ತು ಕೊಟ್ಬಿಡ್ತಿದ್ನಾ" ಅಂದ್ಲು. ಅವಳ ಮುಖ ಇನ್ನೂ ಕಣ್ಮುಂದೆ ಇದೆ.

ಅವತ್ತಿಂದ ತಲೇಲಿ ಇದೇ ಕೊರೀತಿದೆ. ನಂಗೆ ಹೇಳಿಕೊಡೋದು ಬೇಕು ಅನ್ನಿಸ್ತಿದೆ. ಆದ್ರೆ ಎಂಎಸ್ಸಿ ಅಂದ್ರೆ ಎರಡು ವರ್ಷ, ಫೀಸು, ಮಗ ಮೂರನೇ ಕ್ಲಾಸು, ಯಜಮಾನ್ರು ಕಬ್ಬು ಬೆಳೀತಾರೆ, ಫ್ಯಾಕ್ಟರಿ ದುಡ್ಡು ಬರೋ ತನಕ ಮನೆ ನಡೆಯೋದು ನನ್ ಸಂಬಳದಲ್ಲಿ. ನಮ್ಮ ಸೂಪರಿಂಟೆಂಡೆಂಟ್ ಮೇಡಂ "ನಿನ್ನ ವಾರ್ಡ್ ಇನ್‌ಚಾರ್ಜ್ ಮಾಡ್ತೀನಿ, ಓದೋಕೆ ಯಾಕ್ ಹೋಗ್ತೀಯ" ಅಂತಾರೆ. ಕಾಲೇಜಿಗೆ ಹೋದ್ರೆ ಕೈ ಕೆಲಸ ಮರ್ತು ಹೋಗುತ್ತೆ ಅಂತ ಫ್ರೆಂಡ್ಸ್ ಹೆದರಿಸ್ತಾರೆ. ಎಂಎಸ್ಸೀಲಿ ನಿಜವಾಗ್ಲೂ ಪಾಠ ಮಾಡೋದು, ವಾರ್ಡ್ ನಡೆಸೋದು ಕಲಿಸ್ತಾರಾ, ಇಲ್ಲ ಬರೀ ಸರ್ಟಿಫಿಕೇಟಾ? ಮಾಡಿರೋರು ದಯವಿಟ್ಟು ಹೇಳಿ.

ನೈಟ್‌ಶಿಫ್ಟ್_ಬ್ರದರ್:

ಅಕ್ಕ, ಮೊದ್ಲು ರೂಲ್ಸ್ ಹೇಳ್ಬಿಡ್ತೀನಿ, ದೊಡ್ಡವ್ರು ಉಳಿದಿದ್ದು ಹೇಳ್ತಾರೆ. ಬಿಎಸ್ಸಿ ಅಥವಾ ಪೋಸ್ಟ್ ಬೇಸಿಕಲ್ಲಿ 55 ಪರ್ಸೆಂಟ್ ಇರ್ಬೇಕು, ಒಂದು ವರ್ಷ ಎಕ್ಸ್‌ಪೀರಿಯನ್ಸ್ ಬೇಕು, ಪೋಸ್ಟ್ ಬೇಸಿಕ್‌ನೋರಿಗೆ ಆ ಒಂದು ವರ್ಷ ಕೋರ್ಸಿಗಿಂತ ಮುಂಚಿಂದಾದ್ರೂ ನಡಿಯುತ್ತೆ, ನಿಮ್ಗೆ ತೊಂದ್ರೆ ಇಲ್ಲ. ಐದು ಸ್ಪೆಷಾಲಿಟಿ ಇದೆ, ಮೆಡಿಕಲ್ ಸರ್ಜಿಕಲ್, ಓಬಿಜಿ (ಹೆರಿಗೆ, ಸ್ತ್ರೀರೋಗ), ಮಕ್ಕಳದು, ಸೈಕಿಯಾಟ್ರಿ, ಕಮ್ಯುನಿಟಿ. ಟೀಚಿಂಗ್ ಅಂತ ಬೇರೆ ಎಂಎಸ್ಸಿ, ಅಡ್ಮಿನಿಸ್ಟ್ರೇಷನ್ ಅಂತ ಬೇರೆ ಎಂಎಸ್ಸಿ ನಮ್ಮಲ್ಲಿಲ್ಲ, ಯಾವ್ ಸ್ಪೆಷಾಲಿಟಿ ತಗೊಂಡ್ರೂ ಆ ಎರಡೂ ಪೇಪರ್ ಒಳಗೇ ಬರುತ್ತೆ. ಸರ್ಕಾರಿ ಕೋಟಾ ಸೀಟಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನೋಟಿಫಿಕೇಶನ್ ನೋಡ್ತಾ ಇರಿ. 2023ರಲ್ಲಿ ಹೊಸ ನರ್ಸಿಂಗ್ ಕಮಿಷನ್ ಕಾಯ್ದೆ ಬಂದಿದೆ, 1947ರ ಕೌನ್ಸಿಲ್ ಕಾಯ್ದೆ ಜಾಗಕ್ಕೆ, ಅದಕ್ಕೆ ಹಳೇ ಬ್ಯಾಚಿನೋರ ಮಾತು ನಂಬ್ಕೊಂಡು ಕೂರ್ಬೇಡಿ, ಆ ವರ್ಷದ ಆದೇಶ ಓದಿ.

ಒಂದೇ ಒಂದು ಮಾತು ಕೈಮುಗಿದು ಹೇಳ್ತೀನಿ. "ಬರೋದೇ ಬೇಡ, ಎಕ್ಸಾಮ್‌ಗೆ ಬಂದ್ರೆ ಸಾಕು" ಅಂತ ಹೇಳೋ ಏಜೆಂಟ್‌ಗಳು ಫೋನ್ ಮಾಡ್ತಾರೆ. ನನ್ ಜೊತೆ ಓದಿದವ್ನು ಒಬ್ಬ ಹಂಗೆ ಸೇರಿ ಎರಡು ವರ್ಷ ಕೆಲ್ಸನೂ ಮಾಡ್ಕೊಂಡು ಡಿಗ್ರಿನೂ ತಗೊಂಡ. ಈಗ ಟ್ಯೂಟರ್ ಆಗಿದಾನೆ, ಕ್ಲಾಸಿಗೆ ಹೋಗೋ ಹಿಂದಿನ ರಾತ್ರಿ ನಂಗೆ ಫೋನ್ ಮಾಡಿ ಕಷ್ಟ ಹೇಳ್ಕೋತಾನೆ, ಮಕ್ಕಳು ಏನಾದ್ರೂ ಕೇಳಿದ್ರೆ ಕೈ ನಡುಗುತ್ತಂತೆ. ಪಾಪ ಅನ್ಸುತ್ತೆ, ಅವನ ಕೈಕೆಳಗೆ ಓದೋ ಮಕ್ಕಳ್ನ ನೆನೆಸ್ಕೊಂಡ್ರೆ ಇನ್ನೂ ಪಾಪ ಅನ್ಸುತ್ತೆ.

ಇನ್ನೊಂದು ದಾರಿನೂ ಇದೆ. ಬೆಡ್‌ಸೈಡ್ ಬಿಟ್ಟು ಬರೋಕೇ ಮನಸ್ಸಿಲ್ಲ ಅಂದ್ರೆ ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ಅಂತ ಎರಡು ವರ್ಷದ ರೆಸಿಡೆನ್ಸಿ ಇದೆ, ಅದೂ ಪಿಜಿನೇ. ಆದ್ರೆ ಅದು ಐಸಿಯು ಕೈಗಳಿಗೆ, ನೀವ್ ಬರೆದಿರೋದು ಓದಿದ್ರೆ ನಿಮ್ಮ ಮನಸ್ಸು ಅಲ್ಲಿಲ್ಲ ಅನ್ಸುತ್ತೆ.

ಸರಸ್ವತಿಪುರಂ_ಟೀಚರ್:

ಸಿಸ್ಟರ್, ನೀವು ಆ ಐದು ಹುಡುಗೀರಿಗೆ ಮಾಡಿದ್ದು ಏನು ಅಂತ ನಿಮ್ಗೆ ಗೊತ್ತಿದೆಯೋ ಇಲ್ವೋ, ಎಂಎಸ್ಸಿ ಮೊದಲನೇ ವರ್ಷದ ನರ್ಸಿಂಗ್ ಎಜುಕೇಶನ್ ಪೇಪರಿನ ಅರ್ಧ ಭಾಗ ಅದೇ. ಮಾಡಿ ತೋರಿಸೋದು, ಅವರ ಕೈಲಿ ಮಾಡಿಸೋದು, ಮಾಡಿದ್ದನ್ನ ಅವರೇ ನೋಡೋ ಹಂಗೆ ಮಾಡೋದು. ಅದನ್ನ ಒಂದ್ಸಲ ಮನಸ್ಸಿಗೆ ಬಂದು ಮಾಡೋದು ಬೇರೆ, ವರ್ಷಪೂರ್ತಿ ಅರವತ್ತು ಮಕ್ಕಳಿಗೆ ಬೇಕಂತ್ಲೇ ಮಾಡೋದು ಬೇರೆ, ಆ ಎರಡನೇದಕ್ಕೇ ಓದಬೇಕಾಗಿರೋದು.

ನನ್ನ ಕಥೆ ಹೇಳ್ತೀನಿ. ನಾನೂ ವಾರ್ಡಿಂದ್ಲೇ ಬಂದಿದ್ದು, ಬಿಎಸ್ಸಿ ಆದ್ಮೇಲೆ ಐದು ವರ್ಷ ಸರ್ಜಿಕಲ್ ವಾರ್ಡು. ಎಂಎಸ್ಸಿಗೆ ಮುಂಚೆನೇ ಒಂದು ಕಾಲೇಜಲ್ಲಿ ಟ್ಯೂಟರ್ ಆಗಿ ಸೇರ್ಕೊಂಡಿದ್ದೆ. ಮೊದಲನೇ ಕ್ಲಾಸು ಫ್ಲೂಯಿಡ್ ಎಲೆಕ್ಟ್ರೋಲೈಟು, ಐವತ್ತು ನಿಮಿಷ ನೋಟ್ಸ್ ಓದ್ದೆ, ಮಕ್ಕಳು ಐವತ್ತು ನಿಮಿಷ ಬರ್ಕೊಂಡ್ರು. ಕೊನೇಲಿ ನಾಗಮಂಗಲದ ಕಡೆಯ ಹುಡುಗಿ ಒಬ್ಳು, ಪಿಯುಸಿ ತನಕ ಕನ್ನಡ ಮೀಡಿಯಮ್ಮು, ಎದ್ದು ನಿಂತು "ಮೇಡಂ ಪಿಟಿಂಗ್ ಎಡಿಮಾ ಅಂದ್ರೆ ಏನು" ಅಂದ್ಲು. ನಾನು ಅದೇ ಇಂಗ್ಲಿಷ್ ವಾಕ್ಯನ ಇನ್ನೊಂದ್ಸಲ ಓದ್ದೆ. ಕೂತ್ಕೊಂಡ್ಲು. ಅವಳಿಗೆ ಅರ್ಥ ಆಗಿಲ್ಲ ಅಂತ ನಂಗೂ ಗೊತ್ತು ಅವಳಿಗೂ ಗೊತ್ತು.

ಎರಡು ದಿನ ಆದ್ಮೇಲೆ ಅದೇ ಬ್ಯಾಚ್ ಜೊತೆ ವಾರ್ಡ್ ಪೋಸ್ಟಿಂಗಿಗೆ ಹೋದಾಗ ಹಾರ್ಟ್ ಫೇಲ್ಯೂರ್ ಆಗಿದ್ದ ತಾತ ಒಬ್ರಿದ್ರು. ಅವರನ್ನ ಕೇಳಿ, ಒಪ್ಪಿದ್ಮೇಲೆ, ಆ ಹುಡುಗಿ ಹೆಬ್ಬೆರಳನ್ನ ತಾತನ ಮೊಣಕಾಲ ಕೆಳಗಿನ ಮೂಳೆ ಮೇಲೆ ಇಡಿಸಿ ಮೆತ್ತಗೆ ಒತ್ತು ಅಂದೆ. ಬೆರಳು ತೆಗೆದ್ಲು, ಗುಳಿ ಹಂಗೇ ಉಳೀತು, ನಿಧಾನಕ್ಕೆ ತುಂಬ್ಕೊಂಡ್ತು. "ಮೇಡಂ, ನಮ್ಮಜ್ಜಿ ಕಾಲು ಹಿಂಗೇ ಇತ್ತು, ನಾವು ನೀರು ತುಂಬ್ಕೊಂಡಿದೆ ಅಂತಿದ್ವಿ" ಅಂದ್ಲು. ಅಷ್ಟೇ ಕಣಮ್ಮ, ಅದನ್ನ ಅವಳು ಇನ್ ಯಾವತ್ತೂ ಮರೆಯಲ್ಲ. ನಮ್ಮ ಮಂಡ್ಯ ಮೈಸೂರು ಕಡೆ ಮಕ್ಕಳಿಗೆ ರೋಗ ಗೊತ್ತಿದೆ, ಪದ ಗೊತ್ತಿಲ್ಲ, ಟೀಚರ್ ಆದವಳು ಅವೆರಡನ್ನ ಒಂದಕ್ಕೊಂದು ಗಂಟು ಹಾಕ್ಬೇಕು. ಕನ್ನಡದಲ್ಲಿ ಹೇಳಿದ್ರೆ ಮಟ್ಟ ಇಳಿಯುತ್ತೆ ಅನ್ನೋ ಟೀಚರ್‌ಗಳಿದಾರೆ, ನಾನು ಒಪ್ಪಲ್ಲ. ಮೊದ್ಲು ಅರ್ಥ ಆಗ್ಲಿ, ಇಂಗ್ಲಿಷ್ ಪದ ಅದರ ಮೇಲೆ ತಾನಾಗೇ ಕೂರುತ್ತೆ.

ಇದನ್ನೆಲ್ಲ ಎಂಎಸ್ಸಿ ಕಲಿಸುತ್ತಾ ಅಂತ ಕೇಳಿದ್ರಿ. ಸಿಲಬಸ್ ಪ್ರಕಾರ ನರ್ಸಿಂಗ್ ಎಜುಕೇಶನ್ ಮೊದಲನೇ ವರ್ಷ, 150 ಗಂಟೆ ಥಿಯರಿ 150 ಗಂಟೆ ಪ್ರಾಕ್ಟಿಕಲ್. ಮ್ಯಾನೇಜ್‌ಮೆಂಟ್ ಎರಡನೇ ವರ್ಷ, ಅದಕ್ಕೂ ಅಷ್ಟೇ. ಸ್ಪೆಷಾಲಿಟಿ ಪೋಸ್ಟಿಂಗ್ ಮಾತ್ರ ಎರಡು ವರ್ಷಕ್ಕೆ 650 ಮತ್ತೆ 950 ಸೇರಿ 1600 ಗಂಟೆ. ಅಂದ್ರೆ ಎಂಎಸ್ಸೀಲಿ ಹೆಚ್ಚು ಹೊತ್ತು ನೀವು ಪೇಷೆಂಟ್ ಹತ್ರನೇ ಇರ್ತೀರಿ, ಕೈ ಮರ್ತು ಹೋಗುತ್ತೆ ಅನ್ನೋ ಭಯ ಕೋರ್ಸ್ ಮಟ್ಟಿಗೆ ಬೇಡ. ಪ್ರಾಕ್ಟೀಸ್ ಟೀಚಿಂಗ್ ಇರುತ್ತೆ, ಬಿಎಸ್ಸಿ ಮಕ್ಕಳಿಗೆ ನೀವು ಪಾಠ ಮಾಡ್ಬೇಕು, ಹಿಂದಿನ ಬೆಂಚಲ್ಲಿ ಗೈಡ್ ಕೂತಿರ್ತಾರೆ. ಲೆಸನ್ ಪ್ಲಾನ್ ಬರೀಬೇಕು, ಟೈಮ್ ಒಂದು ಕಾಲಂ, ಉದ್ದೇಶ ಒಂದು ಕಾಲಂ, ಟೀಚರ್ ಏನ್ ಮಾಡ್ತಾಳೆ, ಕಲಿಯೋರು ಏನ್ ಮಾಡ್ತಾರೆ, ಕೊನೇಲಿ ಕಲಿತಿದಾರೆ ಅಂತ ಹೆಂಗ್ ತಿಳ್ಕೋತೀರಿ. ನನ್ನ ಗೈಡು ಉದ್ದೇಶದ ಕಾಲಂನಲ್ಲಿ "ಅರ್ಥ ಮಾಡಿಕೊಳ್ಳುತ್ತಾರೆ" ಅಂತ ಬರೆದಿದ್ದಕ್ಕೆಲ್ಲಾ ಕೆಂಪು ಗೆರೆ ಎಳೆದು ವಾಪಸ್ ಕೊಟ್ರು, ಅರ್ಥ ಆಗಿದ್ದನ್ನ ನೀನ್ ಹೆಂಗ್ ನೋಡ್ತೀಯ, ಹೇಳ್ತಾರಾ, ಮಾಡಿ ತೋರಿಸ್ತಾರಾ, ಲೆಕ್ಕ ಹಾಕ್ತಾರಾ, ಅದನ್ನ ಬರಿ ಅಂದ್ರು. ಆಗ ಕಿರಿಕಿರಿ ಅನ್ಸಿತ್ತು. ಇವತ್ತಿಗೂ ಪ್ರತಿ ಕ್ಲಾಸಿಗೆ ಮುಂಚೆ ಅದೇ ಪ್ರಶ್ನೆ ಕೇಳ್ಕೊಂಡೇ ಹೋಗ್ತೀನಿ. ನೀವು ಆ ಸಿರಿಂಜಿನ ಪಾಠಕ್ಕೆ ಬರೆದ್ರೆ ಏನ್ ಬರೀತೀರಿ ಯೋಚ್ನೆ ಮಾಡಿ, "100ರ ವಯಲ್‌ಗೆ ಸರಿಯಾದ ಸಿರಿಂಜ್ ಆರಿಸಿ 20 ಯೂನಿಟ್ ಎಳೆದು ತೋರಿಸ್ತಾರೆ". ನೋಡಿದ್ರಾ, ಪರೀಕ್ಷೆನೂ ಅದ್ರೊಳಗೇ ಬಂತು.

ಪರೀಕ್ಷೆ ಅಂದ್ರೆ ನೆನಪಾಯ್ತು, ಈಗ ಬಿಎಸ್ಸಿ 2021-22ರಿಂದ ಸೆಮಿಸ್ಟರ್ ಆಗಿದೆ, ಸಿಮ್ಯುಲೇಶನ್ನು, ಓಎಸ್‌ಸಿಇ ಎಲ್ಲಾ ಜಾಸ್ತಿ ಬಂದಿದೆ. ಸ್ಟೇಷನ್ ಸ್ಟೇಷನ್ ಮಾಡಿ, ಪ್ರತಿ ಸ್ಟೇಷನ್ನಲ್ಲಿ ಒಂದು ಕೆಲಸ, ಚೆಕ್‌ಲಿಸ್ಟ್ ಇಟ್ಕೊಂಡು ನೋಡೋದು. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಲಿ ಹಾರ್ಡನ್ ಅನ್ನೋ ಡಾಕ್ಟರ್ ಶುರು ಮಾಡಿದ್ದಿದು. ಇದಕ್ಕೆ ನಿಮ್ಮಂಥ ಹತ್ತು ವರ್ಷದ ಕೈ ಇರೋರೇ ಬೇಕು, ಯಾಕಂದ್ರೆ ಮಕ್ಕಳು ಎಲ್ಲಿ ಎಡವ್ತಾರೆ ಅಂತ ಚೆಕ್‌ಲಿಸ್ಟ್ ಬರೆಯೋರಿಗೆ ಗೊತ್ತಿರ್ಬೇಕು.

ಕಾಲೇಜು ಆರಿಸ್ಕೊಳ್ಳೋವಾಗ ಬಿಲ್ಡಿಂಗ್ ನೋಡ್ಬೇಡಿ. ಪೋಸ್ಟಿಂಗ್ ಎಲ್ಲಿ, ಬೆಡ್ ತುಂಬಿರೋ ಆಸ್ಪತ್ರೆನಾ, ಟೀಚರ್ ವಾರ್ಡಿಗೆ ಮಕ್ಕಳ ಜೊತೆ ಹೋಗ್ತಾರಾ ಕೇಳಿ. ಕೆ.ಆರ್. ಆಸ್ಪತ್ರೆ, ಚೆಲುವಾಂಬ ಥರ ಜನ ತುಂಬಿರೋ ಜಾಗದಲ್ಲಿ ಒಂದು ವಾರ ನಿಂತ್ರೆ ನೋಡೋಕೆ ಸಿಗೋದು ಖಾಲಿ ವಾರ್ಡಲ್ಲಿ ಒಂದು ವರ್ಷ ನಿಂತ್ರೂ ಸಿಗಲ್ಲ.

ವಾರ್ಡ್_ಇನ್‌ಚಾರ್ಜ್_ಮಂಡ್ಯ:

ಟೀಚರಮ್ಮ ಹೇಳಿದ್ದು ಸರಿನೇ, ಆದ್ರೆ ಒಂದು ಹೇಳ್ತೀನಿ ತಪ್ಪು ತಿಳ್ಕೋಬ್ಯಾಡಿ. ನಮ್ ವಾರ್ಡಿಗೆ ಬರೋ ಕಾಲೇಜಿನ ಮೇಡಂಗಳಲ್ಲಿ ಸುಮಾರು ಜನ ಅಟೆಂಡೆನ್ಸ್ ತಗೊಂಡು ಸೈನ್ ಹಾಕಿ ಹೊಂಟೋಗ್ತಾರೆ. ಮಕ್ಳು ಅಲ್ಲಿ ಬಿಪಿ ನೋಡ್ಕೊಂಡು ನಿಂತಿರ್ತವೆ. ಅವಕ್ಕೆ ಕಲಿಸೋದು ಯಾರು, ನಮ್ ಸ್ಟಾಫೇ. ನಮ್ ಸ್ಟಾಫಿಗೆ ಕಲಿಸೋದು ಯಾರು? ಯಾರೂ ಇಲ್ಲ. ಅದಕ್ಕೇ ತಂಗಿ, ನಿನ್ನಂತೋಳು ವಾರ್ಡ್ ಬುಟ್ಟು ಹೋಗೋದು ನಂಗೆ ಹೊಟ್ಟೆ ಉರೀತದೆ.

ನಾನು ಬಿಎಸ್ಸಿ ಅಷ್ಟೇ, ಎಂಎಸ್ಸಿ ಮಾಡಿಲ್ಲ, ಸೀನಿಯಾರಿಟೀಲಿ ಇನ್‌ಚಾರ್ಜ್ ಆದೋಳು. ಒಂದಿನ ಸಂಜೆ ಬೀಗದ ಕೈ, ಇಂಡೆಂಟ್ ಬುಕ್ಕು, ಡ್ಯೂಟಿ ರೋಸ್ಟರ್ ಕೈಗೆ ಕೊಟ್ರು, ನಾಳೆಯಿಂದ ನೀವೇ ಅಂದ್ರು, ಮುಗೀತು ನನ್ ಟ್ರೇನಿಂಗು. ಮೊದಲನೇ ತಿಂಗಳು ರೋಸ್ಟರ್ ಹಾಕಿದ್ದೇ ಜಗಳ. ನೈಟ್ ಮುಗಿಸಿ ಬಂದೋಳಿಗೆ ಮಾರನೇ ದಿನ ಈವ್ನಿಂಗ್ ಹಾಕ್ಬುಟ್ಟಿದ್ದೆ, ಹಾಲು ಕುಡಿಯೋ ಮಗು ಇದ್ದೋಳಿಗೆ ಸತತ ಆರು ನೈಟ್ ಹಾಕಿದ್ದೆ. ಲೆಕ್ಕಕ್ಕೆ ಎಲ್ಲಾ ಸರಿಯಾಗೇ ಇತ್ತು, ಮನುಷ್ಯರಿಗೆ ಸರಿ ಇರ್ಲಿಲ್ಲ. ಆಮೇಲೆ ನಾನು ಬೋರ್ಡ್ ಮೇಲೆ ಖಾಲಿ ರೋಸ್ಟರ್ ಬರೆದು ಒಂದು ವಾರ ಮುಂಚೆ ಬುಡೋಕೆ ಶುರು ಮಾಡ್ದೆ, ಅವರೇ ಹಬ್ಬ, ಮದುವೆ, ಮಕ್ಕಳ ಪರೀಕ್ಷೆ ಬರ್ಕೊಳ್ಳೋರು, ನಾನು ಉಳಿದಿದ್ದು ಹೊಂದಿಸೋಳು. ಆಮೇಲೆ ರಜಾ ಹಾಕೋದೇ ಕಮ್ಮಿ ಆಯ್ತು.

ಇನ್ನೊಂದು, ನಿನ್ನ ಇನ್ಸುಲಿನ್ ಕಥೆ ಓದಿ ಮನಸ್ಸಿಗೆ ಬಂದಿದ್ದು. ನಮ್ಮಲ್ಲಿ ಇನ್ಸಿಡೆಂಟ್ ರಿಜಿಸ್ಟರ್ ಇತ್ತು, ಎರಡು ವರ್ಷದಿಂದ ಒಂದ್ ಅಕ್ಷರ ಬಿದ್ದಿರ್ಲಿಲ್ಲ. ಯಾಕಂದ್ರೆ ಬರೆದೋರಿಗೆ ಮೆಮೊ. ನಾನು ಮೊದಲನೇ ಪುಟದಲ್ಲಿ ನಂದೇ ಬರೆದೆ, ರಾತ್ರಿ ಹತ್ತರ ಆಂಟಿಬಯಾಟಿಕ್ ಡೋಸ್ ಮರೆತು ಹನ್ನೊಂದೂವರೆಗೆ ಕೊಟ್ಟೆ ಅಂತ, ಹೆಸರು ಸಹಿ ಸಮೇತ. ಬರೆದೋರಿಗೆ ಮೆಮೊ ಕೊಡಕೂಡದು ಅಂತ ಮೇಲಿನೋರ ಹತ್ರ ಮಾತಾಡಿ ಒಪ್ಪಿಸ್ದೆ, ಅದಕ್ಕೆ ಎರಡು ತಿಂಗಳು ಹಿಡೀತು. ನಿಧಾನಕ್ಕೆ ಒಬ್ಬೊಬ್ರೇ ಬರೆಯೋಕೆ ಶುರು ಮಾಡಿದ್ರು. ಬರೆದಿದ್ದು ನೋಡಿದ್ರೆ ಹೆಚ್ಚಿನವು ಶಿಫ್ಟ್ ಬದಲಾಗೋ ಹೊತ್ತಲ್ಲೇ ಆಗಿದ್ದು! ಆಗ ಹ್ಯಾಂಡೋವರ್ನ ಸ್ಟೇಷನ್ನಲ್ಲಿ ಕೂತು ಹೇಳೋದು ಬುಡಿಸಿ ಬೆಡ್ ಪಕ್ಕ ನಿಂತು ಹೇಳೋ ಹಂಗೆ ಮಾಡ್ದೊ. ಈಗ ಪೇಷೆಂಟೇ "ಸಿಸ್ಟರ್ ನಂಗೆ ಎಂಟು ಗಂಟೆ ಮಾತ್ರೆ ಕೊಟ್ಟಿಲ್ಲ" ಅಂತಾರೆ.

ಜನ ಸಾಲದು ಅನ್ನೋದು ಎಲ್ಲಾ ಕಡೆ ಇರೋದೇ. ಐಎನ್‌ಸಿ (ಇಂಡಿಯನ್ ನರ್ಸಿಂಗ್ ಕೌನ್ಸಿಲ್) ಲೆಕ್ಕದಲ್ಲಿ ಐಸಿಯೂಲಿ ಒಬ್ಬ ಪೇಷೆಂಟ್‌ಗೆ ಒಬ್ಬ ನರ್ಸು, ನಮ್ಮಲ್ಲಿ ಎಷ್ಟಿರ್ತಾರೆ ಅಂತ ನೀವೇ ನೋಡಿದೀರಿ. ಹತ್ತು ಸಲ ಬಾಯಲ್ಲಿ ಹೇಳ್ದೆ, ಆಗ್ಲಿಲ್ಲ. ಮೂರು ತಿಂಗಳು ದಿನಾ ಎಷ್ಟು ಪೇಷೆಂಟು, ಅದ್ರಲ್ಲಿ ಎಷ್ಟು ಜನ ಸೀರಿಯಸ್ಸು, ಎಷ್ಟು ಜನ ಸ್ಟಾಫು, ಯಾವ್ ಕೆಲಸ ತಡ ಆಯ್ತು ಅಂತ ಬರೆದು ಒಂದು ಹಾಳೆ ಮಾಡಿ ಕೊಟ್ಟಾಗ ಇಬ್ಬರನ್ನ ಕೊಟ್ರು. ಇದನ್ನೆಲ್ಲ ನಾನು ಎಡವಿ ಎಡವಿ ಕಲಿತೆ, ಏಳೆಂಟು ವರ್ಷ ಹೋಯ್ತು, ಆ ಏಳೆಂಟು ವರ್ಷ ಕಷ್ಟ ಪಟ್ಟಿದ್ದು ನನ್ ಸ್ಟಾಫು. ಯಾರಾದ್ರೂ ಮೊದ್ಲೇ ಕಲಿಸಿದ್ರೆ ಅಂತ ಈಗ್ಲೂ ಅನ್ನಿಸ್ತದೆ. ಅದಕ್ಕೇ ಓದ್ಬ್ಯಾಡ ಅನ್ನಲ್ಲ ತಂಗಿ. ಓದು. ಓದಿ ವಾಪಸ್ ಬಾ.

ಸರಸ್ವತಿಪುರಂ_ಟೀಚರ್:

ಇನ್‌ಚಾರ್ಜ್ ಅಕ್ಕ, ಸೈನ್ ಹಾಕಿ ಹೋಗ್ತಾರೆ ಅಂದ್ರಲ್ಲ, ಅದು ನಿಜ, ಒಪ್ಕೋತೀನಿ, ನೋವಾಗುತ್ತೆ ಆದ್ರೂ ನಿಜ. ಕ್ಲಾಸು, ಇಂಟರ್ನಲ್ಸು, ಇನ್‌ಸ್ಪೆಕ್ಷನ್ ಫೈಲು ಅಂತ ನಮ್ಮನ್ನ ಕಾಲೇಜಲ್ಲೇ ಕಟ್ಟಾಕ್ತಾರೆ. ಹತ್ತು ಮಕ್ಕಳಿಗೆ ಒಬ್ಬ ಟೀಚರ್ ಅಂತ ನಿಯಮ ಇದೆ, ಅದು ಪೇಪರಲ್ಲಿ ಮಾತ್ರ ಇರ್ಬಾರ್ದು.

ನೀವು ಮೂರು ತಿಂಗಳ ಲೆಕ್ಕದ ಹಾಳೆ ಕೊಟ್ಟಿದ್ದು ಓದಿ ಖುಷಿ ಆಯ್ತು. ನೈಟಿಂಗೇಲ್ ಅಂದ್ರೆ ನಮ್ಮ ಜನಕ್ಕೆ ದೀಪ ಹಿಡ್ಕೊಂಡಿರೋ ಫೋಟೋ ಅಷ್ಟೇ. ಆ ಯಮ್ಮ ಕ್ರಿಮಿಯಾ ಯುದ್ಧದಲ್ಲಿ ಸತ್ತ ಸೈನಿಕರ ಲೆಕ್ಕ ಹಾಕಿ, ಗಾಯಕ್ಕಿಂತ ತಡೀಬಹುದಾಗಿದ್ದ ಕಾಯಿಲೆಗಳಿಂದ ಸತ್ತೋರೇ ಜಾಸ್ತಿ ಅಂತ 1858ರಲ್ಲಿ ಬಣ್ಣದ ಚಿತ್ರ ಮಾಡಿ ಸರ್ಕಾರದ ಮುಂದಿಟ್ಲು. ಅದಾಗಿ ಎರಡು ವರ್ಷಕ್ಕೆ, 1860ರಲ್ಲಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೇಲಿ ನರ್ಸಿಂಗ್ ಶಾಲೆ ಶುರು ಮಾಡಿಸಿದ್ಲು. ಲೆಕ್ಕ ಇಟ್ಟು ವಾದ ಮಾಡೋದು, ಹೇಳಿಕೊಡೋದು, ಎರಡೂ ಒಬ್ಳೇ ಮಾಡಿದ್ಲು. ಪಾಂಡವಪುರದ ಸಿಸ್ಟರ್ ಪಾಠನಾ ಇನ್‌ಚಾರ್ಜಾ ಅಂತ ಕೇಳಿದ್ದಕ್ಕೆ ನನ್ಗಂತೂ ಅವೆರಡೂ ಬೇರೆ ದಾರಿ ಅಂತ ಅನ್ನಿಸ್ತಿಲ್ಲ.

ಮದ್ದೂರಿಂದ_ಟೆಕ್ಸಾಸ್:

ತಡವಾಗಿ ನೋಡ್ದೆ. ಮದ್ದೂರವನು, ಬಿಎಸ್ಸಿ ಮೈಸೂರಲ್ಲೇ, ಈಗ ಇಲ್ಲಿ ಅಮೆರಿಕದಲ್ಲಿ ಒಂದು ಆಸ್ಪತ್ರೇಲಿ ನರ್ಸ್ ಎಜುಕೇಟರ್. ಇಲ್ಲಿ ಎಂಎಸ್‌ಎನ್ ಅಂತಾರೆ, ಅದ್ರಲ್ಲಿ ಎಜುಕೇಶನ್ ಒಂದು ದಾರಿ, ಲೀಡರ್‌ಶಿಪ್ ಇನ್ನೊಂದು ದಾರಿ ಅಂತ ಸೇರೋವಾಗ್ಲೇ ಆರಿಸ್ಕೋಬೇಕು. ನಾನು ಎಜುಕೇಶನ್ ತಗೊಂಡೆ, ಥಿಯರಿ ಬಹಳಷ್ಟು ಆನ್‌ಲೈನು, ಡ್ಯೂಟಿ ಮಾಡ್ಕೊಂಡೇ ಓದ್ದೆ, ಕೊನೇಲಿ ಒಬ್ಬ ಅನುಭವಸ್ಥ ಎಜುಕೇಟರ್ ಕೈಕೆಳಗೆ ಪ್ರಾಕ್ಟಿಕಮ್. ಪಾಠ ಮಾಡೋಕೆ ಓದೋನಿಗೂ ಪ್ಯಾಥೋಫಿಸಿಯಾಲಜಿ, ಫಾರ್ಮಕಾಲಜಿ, ಹೆಲ್ತ್ ಅಸೆಸ್‌ಮೆಂಟ್ ಮೂರೂ ಮೇಲ್ಮಟ್ಟದಲ್ಲಿ ಓದಿಸಿದ್ರು, ವಿಷಯ ಗಟ್ಟಿ ಇಲ್ದೆ ಪಾಠ ಹೇಳೋಕಾಗಲ್ಲ ಅಂತ. ಕಲಿಸೋರಿಗೇ ಅಂತ ನ್ಯಾಷನಲ್ ಲೀಗ್ ಫಾರ್ ನರ್ಸಿಂಗ್‌ನೋರ ಸಿಎನ್‌ಇ ಪರೀಕ್ಷೆ 2005ರಿಂದ ಇದೆ, ಕಲಿಸೋದು ಅದರದ್ದೇ ಒಂದು ವಿದ್ಯೆ ಅಂತ ಇಲ್ಲಿ ಒಪ್ಕೊಂಡಿದಾರೆ.

ಆದ್ರೆ ನಾನು ಹೇಳೋಕೆ ಬಂದಿದ್ದು ಬೇರೆ. ನನ್ನ ಕೆಲಸ ಕಾಲೇಜಲ್ಲಿಲ್ಲ, ವಾರ್ಡಲ್ಲೇ. ಹೊಸ ನರ್ಸ್ ಬಂದ್ರೆ ಅವಳನ್ನ ಒಬ್ಬ ಪ್ರಿಸೆಪ್ಟರ್, ಅಂದ್ರೆ ಪಕ್ಕದಲ್ಲೇ ಇದ್ದು ಕಲಿಸೋ ಅನುಭವಸ್ಥ ನರ್ಸ್ ಜೊತೆ ವಾರಗಟ್ಟಲೆ ಜೋಡಿ ಹಾಕ್ತೀವಿ, ಒಂಟಿಯಾಗಿ ಪೇಷೆಂಟ್ ಕೊಡಲ್ಲ. ಆ ಪ್ರಿಸೆಪ್ಟರ್‌ಗಳಿಗೆ ಹೇಳಿಕೊಡೋದು ಹೆಂಗೆ ಅಂತ ಕಲಿಸೋದು ನನ್ನ ಕೆಲಸ. ಪೆಟ್ರೀಷಿಯಾ ಬೆನ್ನರ್ ಅನ್ನೋರು ನರ್ಸ್ ಬೆಳೆಯೋದನ್ನ ಐದು ಹಂತ ಮಾಡಿ ಹೇಳಿದಾರೆ, ಏನೂ ಗೊತ್ತಿಲ್ಲದ ಹೊಸಬಳಿಂದ ಹಿಡಿದು ಪರಿಣತೆ ತನಕ. ಪರಿಣತೆ ಆದವಳು ಲೆಕ್ಕ ಹಾಕ್ದೆ ನೋಡಿದ್ ತಕ್ಷಣ ಗ್ರಹಿಸ್ತಾಳೆ, ಅಕ್ಕ ಹಾಯ್ಕೊಂಡು ಹೋಗ್ತಾ ಕೆಂಪು ಕ್ಯಾಪ್ ನೋಡಿದ್ರಲ್ಲ ಹಂಗೆ. ಅದಕ್ಕೇ ಪರಿಣತರು ಹೊಸಬರಿಗೆ ಹೇಳಿಕೊಡೋದು ಕಷ್ಟ, ತಮಗೆ ಕಾಣೋದು ಅವಳಿಗೆ ಯಾಕ್ ಕಾಣ್ಲಿಲ್ಲ ಅಂತ ಸಿಟ್ಟು ಬರುತ್ತೆ.

ಇನ್‌ಚಾರ್ಜ್ ಅಕ್ಕ ಹ್ಯಾಂಡೋವರ್ ಬಗ್ಗೆ ಹೇಳಿದ್ರು, ಇಲ್ಲಿ ಎಸ್‌ಬಿಎಆರ್ ಅಂತ ನಾಲ್ಕು ಮಾತಲ್ಲಿ ಹೇಳಿಸ್ತೀವಿ, ಈಗೇನಾಗಿದೆ, ಹಿನ್ನೆಲೆ ಏನು, ನನಗೇನನ್ನಿಸ್ತಿದೆ, ಏನ್ ಆಗ್ಬೇಕು. ಮೂಲ ಅಮೆರಿಕದ ನೌಕಾಪಡೆಯ ಸಬ್‌ಮರೀನಿಂದ ಬಂದಿದ್ದು. ಜೂನಿಯರ್ ನರ್ಸ್ ರಾತ್ರಿ ಎರಡು ಗಂಟೇಲಿ ಡಾಕ್ಟರ್‌ಗೆ ಫೋನ್ ಮಾಡೋಕೆ ಹೆದರ್ತಾಳಲ್ಲ, ಅವಳಿಗೆ ಈ ನಾಲ್ಕು ಸಾಲು ಒಂದು ಧೈರ್ಯ.

ಅಕ್ಕ, ಊರಲ್ಲೂ ಎನ್‌ಎಬಿಎಚ್ ಅನ್ನೋ ಗುಣಮಟ್ಟದ ಮಾನ್ಯತೆ ತಗೊಂಡಿರೋ ಆಸ್ಪತ್ರೆಗಳಲ್ಲಿ ಸ್ಟಾಫ್ ಟ್ರೇನಿಂಗ್‌ಗೆ ನರ್ಸಿಂಗ್ ಎಜುಕೇಟರ್ ಅಂತ ಪೋಸ್ಟ್ ಇರೋದುಂಟು. ನಿಮ್ಮ ಸೂಪರಿಂಟೆಂಡೆಂಟ್‌ನ ಅದನ್ನ ಕೇಳಿ. ಇನ್ನು ವಿದೇಶಕ್ಕೆ ಬರೋ ಯೋಚ್ನೆ ಇದ್ರೆ ಎಂಎಸ್ಸಿ ಇದ್ದ ಮಾತ್ರಕ್ಕೆ ಬಾಗಿಲು ತೆಗೆಯಲ್ಲ, ಇಲ್ಲಿ ನರ್ಸ್ ಆಗೋಕೆ ಎನ್‌ಸಿಎಲ್‌ಇಎಕ್ಸ್ ಅನ್ನೋ ಲೈಸೆನ್ಸ್ ಪರೀಕ್ಷೆ ಪಾಸ್ ಆಗ್ಲೇಬೇಕು.

ಪಾಂಡವಪುರದ_ಸಿಸ್ಟರ್:

ಇಷ್ಟು ಜನ ಕೂತು ಬರೆದಿದೀರ, ಓದ್ತಾ ಓದ್ತಾ ಕಣ್ಣು ತುಂಬಿ ಬಂತು. ಟೆಕ್ಸಾಸ್ ತಮ್ಮ ಹೇಳಿದ್ದು ನೇರ ನಂಗೇ ಹೇಳಿದ ಹಂಗಿತ್ತು, ನಾನು ಬೈದಿದ್ದು ಅದೇ ಸಿಟ್ಟಿಂದ. ಟೀಚರ್ ಮೇಡಂ, ಒಂದೇ ಪ್ರಶ್ನೆ, ಎಂಎಸ್ಸೀಲಿ ಡಿಸರ್ಟೇಶನ್ (ಸಂಶೋಧನಾ ಪ್ರಬಂಧ) ಇರುತ್ತಲ್ಲ, ಅದಕ್ಕೆ ಈ ಸಿರಿಂಜಿನ ವಿಷಯ ತಗೋಬಹುದಾ? ನಂಗೆ ಸ್ಟ್ಯಾಟಿಸ್ಟಿಕ್ಸ್ ಅಂದ್ರೆ ಭಯ.

ಸರಸ್ವತಿಪುರಂ_ಟೀಚರ್:

ತಗೋಬಹುದು, ತಗೊಳ್ಳಿ. ಸ್ಟ್ಯಾಟಿಸ್ಟಿಕ್ಸ್ ಕಲಿಬಹುದು ಸಿಸ್ಟರ್, ಡೋಸ್ ಲೆಕ್ಕ ಹಾಕೋರಿಗೆ ಅದೇನ್ ದೊಡ್ಡದಲ್ಲ. ಒಂದು ಕಿವಿಮಾತು. ನಮ್ಮಲ್ಲಿ ಡಿಸರ್ಟೇಶನ್ ಅಂದ್ರೆ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ, ಮುಂಚೆ ಒಂದು ಪ್ರಶ್ನೆಪತ್ರಿಕೆ, ಕ್ಲಾಸು, ಏಳು ದಿನ ಬಿಟ್ಟು ಅದೇ ಪ್ರಶ್ನೆಪತ್ರಿಕೆ, ಮಾರ್ಕ್ಸ್ ಜಾಸ್ತಿ ಆಯ್ತು, ಮುಗೀತು. ನಾನೂ ಹಂಗೇ ಮಾಡ್ದೆ, ಅದು ಈಗ ಲೈಬ್ರರಿ ಬೀರುವಲ್ಲಿದೆ. ನೀವು ಹಂಗ್ ಮಾಡ್ಬೇಡಿ. ಪ್ರಶ್ನೆ ಕೇಳೋ ಬದ್ಲು ಕೈ ನೋಡಿ. ಚೆಕ್‌ಲಿಸ್ಟ್ ಮಾಡಿ, ವಯಲ್ ಓದಿದ್ಲಾ, ಕ್ಯಾಪ್ ನೋಡಿದ್ಲಾ, ಇನ್ನೊಬ್ರಿಗೆ ತೋರಿಸಿದ್ಲಾ, ಹೇಳಿಕೊಟ್ಟ ಒಂದು ವಾರಕ್ಕೂ ನೋಡಿ, ಮೂರು ತಿಂಗಳಿಗೂ ನೋಡಿ. ಮೂರು ತಿಂಗಳಿಗೆ ಎಷ್ಟು ಜನ ಮರೆತಿದಾರೆ ಅನ್ನೋದು ನಿಮ್ಗೆ ಸಿಗೋ ನಿಜವಾದ ಉತ್ತರ. ಎಥಿಕ್ಸ್ ಕಮಿಟಿ ಪರ್ಮಿಷನ್ ಬೇಗ ಹಾಕಿ, ಅಲ್ಲೇ ತಿಂಗಳುಗಟ್ಟಲೆ ಹೋಗುತ್ತೆ.

ವಾರ್ಡ್_ಇನ್‌ಚಾರ್ಜ್_ಮಂಡ್ಯ:

ಡಾಟಾ ತಗೊಳ್ಳೋಕೆ ನಮ್ ವಾರ್ಡಿಗೆ ಬಾ ತಂಗಿ. ಪರ್ಮಿಷನ್ ಲೆಟರ್ ಮಾತ್ರ ಸರಿಯಾಗಿ ತಗೊಂಡ್ ಬಾ, ಉಳಿದಿದ್ದು ನಾನ್ ನೋಡ್ಕೋತೀನಿ.

ಪಾಂಡವಪುರದ_ಸಿಸ್ಟರ್:

ಅಪ್ಡೇಟ್. ಮನೇಲಿ ಮಾತಾಡ್ದೆ. ಈ ಸಲ ಕಬ್ಬಿನ ದುಡ್ಡು ಬಂದ್ಮೇಲೆ ಫೀಸಿಗೆ ಅರ್ಧ ಆಗುತ್ತೆ, ಉಳಿದಿದ್ದು ನಂದೇ ಉಳಿತಾಯ, ಯಜಮಾನ್ರು ಒಪ್ಪಿದ್ರು, ಅತ್ತೆ ಮಗನ್ನ ನೋಡ್ಕೋತೀನಿ ಅಂದ್ರು. ಮೆಡಿಕಲ್ ಸರ್ಜಿಕಲ್ಲೇ ತಗೋತೀನಿ, ರೆಗ್ಯುಲರ್ರೇ, ಕೆಇಎ ನೋಟಿಫಿಕೇಶನ್ ಬಂದ ತಕ್ಷಣ ಹಾಕ್ತೀನಿ. ಸೂಪರಿಂಟೆಂಡೆಂಟ್ ಮೇಡಂ ಹತ್ರ ಹೋಗಿ ಎಜುಕೇಟರ್ ಪೋಸ್ಟ್ ವಿಷಯ ಕೇಳ್ದೆ, ಸದ್ಯಕ್ಕೆ ಅಂಥಾ ಪೋಸ್ಟ್ ಇಲ್ಲ ಅಂದ್ರು, ಸ್ವಲ್ಪ ಹೊತ್ತು ಸುಮ್ನಿದ್ದು, ನೀನು ಓದಿ ಬರೋಷ್ಟ್ರಲ್ಲಿ ಕೇಳಿ ನೋಡ್ತೀನಿ ಅಂದ್ರು.

ಅಲ್ಲಿ ತನಕ ವಾರಕ್ಕೆ ಎರಡು ದಿನ ಮಧ್ಯಾಹ್ನ ಹದಿನೈದು ನಿಮಿಷ ಜೂನಿಯರ್ಸ್ ಜೊತೆ ಕೂರೋಕೆ ಪರ್ಮಿಷನ್ ಕೊಟ್ಟಿದಾರೆ. ಈ ಮಂಗಳವಾರ ಮೊದಲನೇದು. ವಿಷಯ ಪೊಟಾಷಿಯಂ ಕ್ಲೋರೈಡ್, ನೇರ ಐವಿ ಪುಷ್ ಯಾಕ್ ಕೊಡಬಾರ್ದು ಅನ್ನೋದು. ಅವತ್ತು ಅತ್ತಿದ್ದ ಹುಡುಗಿ ಇದಾಳಲ್ಲ, ಅವಳೇ ಬಂದು "ಅಕ್ಕ, ಆಂಪ್ಯೂಲ್ ಲೇಬಲ್ ಓದಿಸೋದು ನಾನ್ ಮಾಡ್ಲಾ" ಅಂತ ಕೇಳಿದ್ಲು. ಲೆಸನ್ ಪ್ಲಾನಲ್ಲಿ ಅವಳ ಹೆಸರಿಗೆ ಐದು ನಿಮಿಷ ಬರೆದಿದೀನಿ.